ಅವ್ವನ ಚುಕ್ಕಾ ಡಬ್ಬಿಗಳು

ನಮ್ಮ ಮನೆಯ ಮಾಳಿಗೆಯ ಮೇಲೆ ಇಪ್ಪತ್ತು ಲೀಟರಿನ ಮೂರು ಪೇಂಟ್ ಡಬ್ಬಿಗಳಿವೆ. ಬೀದರಿನಲ್ಲಿ ಈ ಮನೆ ಕಟ್ಟಿಸಿದಾಗ ಬಣ್ಣ ಬಳಿಯುವವರು ಬಿಟ್ಟುಹೋದವು. ಒಂದೊಂದರ ತಳಕ್ಕೂ ಐದೈದು ತೂತು. ಆ ತೂತುಗಳನ್ನು ಕೊರೆದವಳು ನಮ್ಮವ್ವ, ಗ್ಯಾಸ್ ಒಲೆಯ ಮೇಲೆ ಮೊಳೆಯನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು. ಅವನ್ನು ಮುಚ್ಚಿದವಳು ನಾನು.

ಮೊದಲು ಅವ್ವನ ಕೈಯ ಬಗ್ಗೆ ಹೇಳಬೇಕು. ನಮ್ಮೂರು ಔರಾದ ತಾಲೂಕಿನ ಡಾಬಕಾ. ಅಲ್ಲಿ ಜೂನಿನ ಮಿರಗ, ಅಂದರೆ ಮೃಗಶಿರಾ ಮಳೆ ಬಿದ್ದು ಬಿತ್ತನೆ ಶುರುವಾಗುವಾಗ ಕೂರಿಗೆಗೆ ಮೊದಲ ಹಿಡಿ ಬೀಜ ಹಾಕಲು ಮನೆಯ ಮುತ್ತೈದೆಯನ್ನು ಕರೆಯುತ್ತಾರೆ. ಆದರೆ ನಮ್ಮ ಆಚೀಚೆಯ ಏಳೆಂಟು ಹೊಲದವರು ತಮ್ಮ ಮನೆಯ ಹೆಂಗಸರನ್ನು ಬಿಟ್ಟು ಅವ್ವನನ್ನು ಕರೆಯುತ್ತಿದ್ದರು. ಅವಳ ಕೈಗುಣ ಒಳ್ಳೆಯದೆಂದು ಎಲ್ಲರಿಗೂ ನಂಬಿಕೆ. ಅಪ್ಪ ತೀರಿಕೊಂಡ ವರ್ಷ ಅವ್ವ ತಾನಾಗಿಯೇ ಒಳಗೆ ಕುಳಿತುಬಿಟ್ಟಳು. ಗಂಡ ಸತ್ತವಳನ್ನು ಇಂಥ ಕೆಲಸಕ್ಕೆ ಯಾರು ಕರೆಯುತ್ತಾರೆ? ಬದುವಿನಾಚೆಯ ಹೊಲದವನು ಕರೆದ. ಹೊಸ್ತಿಲ ಹೊರಗೆ ನಿಂತು, "ಕಾಕು, ಕಾಕಾ ಹ್ವಾದ್ರು ಖರೆ. ನಿಮ್ಮ ಕೈಗೇನು ಆಗ್ಯಾದ್ರಿ? ಕೈ ಅದೇ ಅದ ಇಲ್ರಿ?" ಎಂದ. ಅವ್ವ ಸೆರಗು ಸರಿಮಾಡಿಕೊಂಡು ಅವನ ಹಿಂದೆ ನಡೆದಳು.

ಆಮೇಲೆ ಎತ್ತಿನ ಕೂರಿಗೆ ಹೋಗಿ ಟ್ರ್ಯಾಕ್ಟರ್ ಬಂತು, ಜೋಳ ಹೋಗಿ ಸೋಯಾ ಬಂತು. ಮೊದಲ ಹಿಡಿ ಮಾತ್ರ ಅವ್ವನದೇ ಉಳಿಯಿತು. ಇದನ್ನೆಲ್ಲ ನಾನು ಹಳ್ಳಿಯವರ ಮೂಢನಂಬಿಕೆ ಎಂದು ಪಕ್ಕಕ್ಕಿಟ್ಟಿದ್ದೆ. ನಾನು ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬೀಜ ಮೊಳೆಯಲು ನೀರು, ಗಾಳಿ, ಹದವಾದ ಶಾಖ ಇಷ್ಟಿದ್ದರೆ ಸಾಕು ಎಂದು ಮಕ್ಕಳಿಗೆ ಬರೆಸುತ್ತೇನೆ. ಕೈಗುಣ ಎಂದು ಯಾರಾದರೂ ಬರೆದರೆ ಅಂಕ ಕೊಡುವುದಿಲ್ಲ.

ಎರಡು ವರ್ಷದ ಹಿಂದೆ, ದಸರೆ ಮುಗಿದ ಮೇಲೆ, ಅವ್ವನ ಕಾಲು ಮುಖ ಬಾತುಕೊಂಡಿವೆ ಎಂದು ಅಣ್ಣ ಅವಳನ್ನು ನಮ್ಮ ಮನೆಗೆ ಕರೆತಂದ. ಅಣ್ಣ ಊರಲ್ಲೇ ಇದ್ದು ಹೊಲ ನೋಡಿಕೊಳ್ಳುತ್ತಾನೆ. ಆಸ್ಪತ್ರೆ ಹತ್ತಿರ ಇರಲೆಂದು ಅವ್ವ ನಮ್ಮಲ್ಲೇ ಉಳಿದಳು. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಹಾಳಾಗಿದೆ ಎಂದರು ಡಾಕ್ಟರು. ಒಳ್ಳೆಯ ಮನುಷ್ಯ, ಆದರೆ ಮಾತು ಕಡಕ್.

"ಗುಳಿಗಿಗಿಂತ ಬಾಯಿ ಕಟ್ಟೂದು ಮುಖ್ಯ ನೋಡ್ರಿ. ಬಾಯಿ ಕಟ್ಟಿದ್ರ ಡಯಾಲಿಸಿಸ್ ಮುಂದ ಹಾಕಬಹುದು. ಉಪ್ಪು ಕಮ್ಮಿ, ಟೊಮೆಟೊ ಬ್ಯಾಡ, ಬಾಳೆಹಣ್ಣು ಬ್ಯಾಡ. ಪಲ್ಯ ಕುದಿಸಿ ನೀರು ಚೆಲ್ಲಿ ಕೊಡ್ರಿ. ಹುಳಿ ಪಲ್ಯ ಅಂತೂ ಬ್ಯಾಡೇ ಬ್ಯಾಡ. ಚುಕ್ಕಾ, ಪುಂಡಿ ಯಾವುದೂ ಮನಿ ಒಳಗ ಬರಬಾರದು."

ಅವ್ವ ಅಲ್ಲಿಯವರೆಗೂ ಬೇರೆ ಯಾರದೋ ರೋಗದ ವಿಷಯ ಕೇಳುವವಳ ಹಾಗೆ ಕುಳಿತಿದ್ದಳು. ಚುಕ್ಕಾ ಎಂದಾಗ ಮಾತ್ರ ತಲೆ ಎತ್ತಿದಳು.

ಚುಕ್ಕಾ ತಿಂದು ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದೊಂದು ಹುಳಿ ಸೊಪ್ಪು. ನಾಲಿಗೆಯಷ್ಟೇ ಮೆತ್ತಗಿನ ಎಲೆ, ಮುರಿದರೆ ರಸ ಬರುವ ದಂಟು. ತೊಗರಿಬೇಳೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜೊತೆ ಬೇಯಿಸಿದರೆ ಕರಗಿ ಗಂಜಿಯಂತಾಗುತ್ತದೆ. ಬಿಸಿ ಜೋಳದ ರೊಟ್ಟಿಯ ಜೊತೆ ಅದಿದ್ದರೆ ನಮ್ಮ ಕಡೆಯವರಿಗೆ ಬೇರೆ ಏನೂ ಬೇಕಿಲ್ಲ. ಅವ್ವನಿಗಂತೂ ಎಂದೂ ಬೇಕಾಗಿರಲಿಲ್ಲ.

ನಾನು ಮಾಡಿಕೊಡುತ್ತಿದ್ದ ಕುದಿಸಿ ಬಸಿದ ಪಲ್ಯಕ್ಕೆ ಅವಳು ಇಟ್ಟ ಹೆಸರು "ದವಾಖಾನಿ ಹುಲ್ಲು". ಒಂದು ರೊಟ್ಟಿ ಅರ್ಧ ರೊಟ್ಟಿಯಾಯಿತು, ಅರ್ಧ ಕಾಲಾಯಿತು. ಹಗಲೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಒಂದು ದಿನ ಅಣ್ಣ ಗಾಂಧಿ ಗಂಜ್ ಮಾರುಕಟ್ಟೆಗೆ ಉದ್ದು ತಂದವನು ಮಾತಾಡಿಸಲು ಬಂದಾಗ, ಎದ್ದು ಕುಳಿತು ಕೇಳಿದಳು: "ಮುಂದಿನ ಸರ್ತಿ ಬರ್ವಾಗ ನಮ್ಮ ಹೊಲದ್ದು ಎರಡ ಚೀಲ ಮಣ್ಣ ತಾ. ಚುಕ್ಕಾ ಹಚ್ಚತೀನಿ."

ನಾನು ಏನೋ ಹೇಳಲು ಬಾಯಿ ತೆರೆದೆ. "ತಿನ್ನಾಂಗಿಲ್ಲ ಬಿಡು ಯವ್ವಾ. ಖಾಲಿ ಕಣ್ಣೀಲೆ ನೋಡ್ತೀನಿ" ಎಂದಳು. ಗೋಡೆಯನ್ನು ಬಿಟ್ಟು ಬೇರೆ ಏನನ್ನಾದರೂ ನೋಡುತ್ತೇನೆ ಎಂದಳಲ್ಲ, ಅಷ್ಟಕ್ಕೇ ನಾನು ಒಪ್ಪಿಕೊಂಡೆ.

ಮಣ್ಣು ಬಂತು. ಅವ್ವ ಅದನ್ನು ಮಾಳಿಗೆಯ ಮೇಲೆ ಹರಡಿ, ಹೆಂಟೆ ಒಡೆದು, ಬೀದರಿನ ಕೆಂಪು ಮಣ್ಣು ಒಂದಿಷ್ಟು ಬೆರೆಸಿ, ಕುರಿಹಿಕ್ಕೆ ಪುಡಿ ಮಾಡಿ ಸೇರಿಸಿದಳು. ಊರಿಂದ ಬರುವಾಗಲೇ ಸೀರೆಯ ಅಂಚಿನ ಚಿಂದಿಯಲ್ಲಿ ಬೀಜ ಗಂಟು ಹಾಕಿಕೊಂಡು ಬಂದಿದ್ದಳು. ಎಂದರೆ ಡಾಕ್ಟರ ಹತ್ತಿರ ಹೋಗುವ ಮೊದಲೇ ಅವಳ ತಯಾರಿ ಆಗಿತ್ತು. ಬಿತ್ತಿ, ಅಂಗೈಯಿಂದ ನೀರು ಚಿಮುಕಿಸಿದಳು. ತನಗೆ ದಿನಕ್ಕೆ ಇಷ್ಟೇ ಎಂದು ಡಾಕ್ಟರು ಅಳೆದುಕೊಟ್ಟ ನೀರಿನಲ್ಲಿ ಒಂದು ಗುಟುಕು ಉಳಿದರೂ ಅದನ್ನು ಡಬ್ಬಿಗೆ ಹಾಕುತ್ತಿದ್ದಳು. ಚಳಿಗಾಲದ ಬಿಸಿಲಿಗೆ ಗಿಡ ಎಷ್ಟು ಚೆನ್ನಾಗಿ ಬಂತೆಂದರೆ ಡಬ್ಬಿಯ ಬಾಯಿ ಕಾಣುತ್ತಿರಲಿಲ್ಲ. ಅವ್ವ ದಿನಕ್ಕೆ ಎರಡು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಸಂಜೆ ನಾನು ಭಾಲ್ಕಿ ಬಸ್ಸು ಇಳಿದು ಮನೆಗೆ ಬಂದರೆ ಚಪ್ಪಲಿ ಬಿಡುವಷ್ಟರಲ್ಲಿ ಗಿಡದ ಸುದ್ದಿ ಶುರು. ಆ ಎರಡು ತಿಂಗಳು ನಾವು ಖುಷಿಯಾಗಿದ್ದೆವು. ಅದನ್ನು ಬರೆಯದೆ ಮುಂದಿನದನ್ನು ಬರೆದರೆ ನ್ಯಾಯವಲ್ಲ.

ಸಂಕ್ರಾಂತಿಯ ನಂತರ ರಕ್ತ ಪರೀಕ್ಷೆ ಮಾಡಿಸಿದೆವು. ಡಾಕ್ಟರು ಕಾಗದ ನೋಡಿ ನನ್ನ ಮುಖ ನೋಡಿದರು. "ಏನ್ ತಿನ್ಸ್ಲತ್ತೀರಿ ಇವರಿಗಿ?" ನಾನು ಮಾಡಿದ ಅಡುಗೆಯನ್ನೆಲ್ಲ ಒಪ್ಪಿಸಿದೆ. "ಹಂಗಾದ್ರ ಪೊಟ್ಯಾಸಿಯಂ ಹ್ಯಾಂಗ ಏರ್ತು? ಹಿಂಗೇ ನಡದ್ರ ಎದಿ ನಿಂತ್ಹೋಗ್ತದ, ತಿಳೀತಿಲ್ರಿ?" ಎಂದರು. ಅವ್ವ ಕಿಟಕಿ ಕಡೆ ನೋಡುತ್ತಿದ್ದಳು.

ಮುಂದಿನ ಭಾನುವಾರ ಮಧ್ಯಾಹ್ನ ಸದ್ದಿಲ್ಲದೆ ಮಾಳಿಗೆ ಹತ್ತಿದೆ. ನೀರಿನ ಟಾಕಿಯ ನೆರಳಲ್ಲಿ ಅವ್ವ ಕುಳಿತಿದ್ದಳು. ತೊಡೆಯ ಮೇಲೆ ಬೆಳಗಿನ ರೊಟ್ಟಿ. ಅದರೊಳಗೆ ಹಸಿ ಚುಕ್ಕಾ ಎಲೆ, ಒಂದು ಹಸಿಮೆಣಸಿನಕಾಯಿ. ಎಷ್ಟು ನಿಧಾನವಾಗಿ ಅಗಿಯುತ್ತಿದ್ದಳು ಎಂದರೆ, ಇಂಥದ್ದು ಇನ್ನು ಸಿಗುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿದ್ದ ಹಾಗಿತ್ತು. ನನ್ನನ್ನು ಕಂಡು ನುಂಗಲೂ ಆಗದೆ ಉಗುಳಲೂ ಆಗದೆ ಕುಳಿತಳು.

ನಾನು ಬಾಯಿಗೆ ಬಂದದ್ದು ಅಂದೆ. ಸಾಲೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವರನ್ನೂ ನಾನು ಹಾಗೆ ಬೈದವಳಲ್ಲ. ಸಾಯಬೇಕೆಂದಿದ್ದರೆ ಊರಲ್ಲೇ ಸಾಯಬಹುದಿತ್ತಲ್ಲ ಎಂದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಅವ್ವ ಇಷ್ಟೇ ಹೇಳಿದಳು: "ಒಂದ ಎಲಿ ಯವ್ವಾ. ಬಾಯಿಗಿ ರುಚಿ ಅಂಬೂದ ಇನ್ನಾ ಅದನೋ ಇಲ್ಲೋ ನೋಡ್ದೆ." ಡಬ್ಬಿಗಳನ್ನು ಇವತ್ತೇ ತೆಗೆಯುತ್ತೇನೆ ಎಂದೆ. ಅವಳು ಎರಡು ದಿನ ಏನನ್ನೂ ಮುಟ್ಟಲಿಲ್ಲ. ಗುಳಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಮೂರನೆಯ ದಿನ ನಾನೇ ಸೋತೆ. ಡಬ್ಬಿ ಇರಲಿ ಎಂದೆ. ಇನ್ನು ಕೀಳುವುದಿಲ್ಲ ಎಂದು ಅವಳು ಆಣೆ ಮಾಡಿದಳು. ಆಣೆಯನ್ನು ನಾನು ನಂಬಲಿಲ್ಲ, ನಂಬಿದ ಹಾಗೆ ತಲೆಯಾಡಿಸಿದೆ.

ಮರುದಿನ ಭಾಲ್ಕಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಫೋನಿನಲ್ಲಿ ಹುಡುಕಿದೆ. ಡಬ್ಬಿಯಲ್ಲಿ ಚುಕ್ಕಾ ಬೆಳೆಯುವ ಬಗ್ಗೆ ಯಾರೂ ಬರೆದಿರಲಿಲ್ಲ. ರೂಬಾರ್ಬ್ ಎಂಬ ಗಿಡದ ಬಗ್ಗೆ ಬರೆದಿದ್ದರು. ಅದು ಚುಕ್ಕಾದ ಕುಟುಂಬದ್ದೇ. ಚಳಿ ದೇಶದವರು ಅದರ ಕೆಂಪು ದಂಟಿಗೆ ಸಕ್ಕರೆ ಹಾಕಿ ಬೇಯಿಸಿ ತಿನ್ನುತ್ತಾರಂತೆ, ಎಲೆಯನ್ನು ವಿಷವೆಂದು ಎಸೆಯುತ್ತಾರಂತೆ. ಕುಂಡದಲ್ಲಿ ಬೆಳೆಯುವವರಿಗೆ ಬರುವ ತೊಂದರೆ ಏನು, ಎಲೆ ಹಳದಿಯಾದರೆ ಯಾಕೆ, ಅಂಚು ಸುಟ್ಟರೆ ಯಾಕೆ, ಗಿಡ ಇದ್ದಕ್ಕಿದ್ದಂತೆ ಬಾಗಿದರೆ ಯಾಕೆ, ಎಲ್ಲಕ್ಕೂ ಕಾರಣ ಮತ್ತು ಪರಿಹಾರ ಕೊಟ್ಟಿದ್ದರು. ನೀರು ಹೊರಗೆ ಹೋಗುವ ತೂತು ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ ಎಂಬುದು ಮೊದಲನೆಯದು. ಅಷ್ಟು ಪ್ರೀತಿಯಿಂದ ಬರೆದದ್ದನ್ನು ನಾನು ಉಲ್ಟಾ ಓದಿದೆ. ಪರಿಹಾರಗಳನ್ನು ಬಿಟ್ಟು ಕಾರಣಗಳನ್ನು ನೆನಪಿಟ್ಟುಕೊಂಡೆ.

ಗಿಡಗಳು ತಾವಾಗಿಯೇ ಸತ್ತರೆ ಅವ್ವನಿಗೆ ನನ್ನ ಮೇಲೆ ಸಿಟ್ಟು ಬರುವುದಿಲ್ಲ, ಊಟ ಬಿಡುವುದಿಲ್ಲ, ಕದ್ದು ತಿನ್ನಲು ಏನೂ ಇರುವುದಿಲ್ಲ. ಡಯಾಲಿಸಿಸ್ ಮುಂದೆ ಹೋಗುತ್ತದೆ. ಇದು ನನ್ನ ಲೆಕ್ಕಾಚಾರ. ಆಗ ಅದರಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ.

ಅವ್ವ ಸ್ನಾನಕ್ಕೆ ಹೋದಾಗ ಮಾಳಿಗೆ ಹತ್ತಿ, ಚೀಲದಲ್ಲಿ ಉಳಿದಿದ್ದ ಡಾಬಕಾದ ಕಪ್ಪು ಮಣ್ಣನ್ನೇ ನಾದಿ, ಗೋಲಿಯಷ್ಟು ಉಂಡೆ ಮಾಡಿ, ಡಬ್ಬಿಗಳನ್ನು ಒಂದೊಂದಾಗಿ ವಾಲಿಸಿ ತೂತಿಗೆ ತುರುಕಿದೆ. ಅವಳು ನೀರು ಹಾಕಿದ ಮೇಲೆ ನಾನೂ ಕಣ್ಣು ತಪ್ಪಿಸಿ ಒಂದೊಂದು ಚೊಂಬು ಹಾಕಿದೆ. ಹತ್ತು ಹನ್ನೆರಡು ದಿನದಲ್ಲಿ ಕೆಳಗಿನ ಎಲೆ ಹಳದಿಯಾದವು. ಬುಡ ಕೊಳೆಯಿತು.

ಅವ್ವ ಬೆರಳನ್ನು ಮಣ್ಣೊಳಗೆ ಇಳಿಸಿ ಮೂಸಿ ನೋಡಿದಳು. ಗಿಡ ಕಿತ್ತು ಬೇರು ಹಿಚುಕಿ ನೋಡಿದಳು. ಡಬ್ಬಿ ಬೋರಲು ಹಾಕಿ ತಳ ನೋಡಿದಳು. "ನೋಡಿದೇನು, ನಮ್ಮ ಮಣ್ಣೇ ತೂತ ಮುಚ್ಯಾದ" ಎಂದಳು. "ಹೊಲದಾಗ ನೀರ ಹಿಡಿಯೋ ಮಣ್ಣಿದು. ಡಬ್ಬಿ ಒಳಗ ಎಲ್ಲಿಗಿ ಹೋಗ್ಬೇಕು ಪಾಪ. ತಪ್ಪ ನಂದೇ." ಹೀಗೆ ಹೇಳುವಾಗ ಅವಳಿಗೆ ಬೇಸರವಿರಲಿಲ್ಲ. ಕಾರಣ ಸಿಕ್ಕ ಸಮಾಧಾನವಿತ್ತು. ತೂತಿನ ಮೇಲೆ ಹೆಂಚಿನ ಚೂರು ಬೋರಲು ಇಟ್ಟು, ಕೆಂಪು ಮೊರಮು ಮಣ್ಣು ಹೆಚ್ಚು ಬೆರೆಸಿ, ಮತ್ತೆ ಬಿತ್ತಿದಳು. ಫೋನಿನಲ್ಲಿ ಬರೆದವರು ಹೇಳಿದ ಪರಿಹಾರವೂ ಹೆಚ್ಚುಕಡಿಮೆ ಅದೇ.

ಎರಡನೆಯ ಸಲ ನಾನು ಉಪ್ಪು ಬಳಸಿದೆ. ಅವಳ ಪಲ್ಯದಿಂದ ಚಿಟಿಕೆ ಚಿಟಿಕೆಯಾಗಿ ಉಳಿಸಿದ ಉಪ್ಪನ್ನು ಬಕೆಟ್ಟಿನ ನೀರಿಗೆ ಹಿಡಿ ಹಿಡಿಯಾಗಿ ಹಾಕಿ ಗಿಡಕ್ಕೆ ಸುರಿದೆ. ಮಾಳಿಗೆಯ ಬಾಗಿಲಲ್ಲಿ ನಮ್ಮ ಮನೆಯವರು ನಿಂತಿದ್ದರು. ಅವರು ಜಗಳಕ್ಕೂ ರಾಜಿಗೂ ಬರುವವರಲ್ಲ, ಎಲ್ಲವನ್ನೂ ನೋಡಿ ಸುಮ್ಮನಾಗುವವರು. ಅವತ್ತು ಮಾತ್ರ, "ಸೀದಾ ಹೇಳ್ಬಾರದಾ?" ಎಂದರು.

"ಹೇಳೀನ್ರಿ. ಎರಡ ದಿನಾ ಉಪವಾಸ ಕುಂತಳು."

"ಹಂಗಲ್ಲ. ಅವರು ಗಿಡದ ಜೋಡಿ ಬದುಕಿದವರು" ಎಂದರು. ನಾನು ಉಳಿದ ನೀರನ್ನು ಸುರಿದು ಬಕೆಟ್ ತೊಳೆದೆ.

ಎಲೆಗಳ ಅಂಚು ಕಾಗದ ಸುಟ್ಟ ಹಾಗೆ ಕಂದಾಯಿತು. ಅವ್ವ ಈ ಸಲ ಮಣ್ಣನ್ನು ಮೂಸಲಿಲ್ಲ. ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟಳು. ನಾನು ನೋಡುತ್ತಾ ನಿಂತಿದ್ದೆ. ಎಷ್ಟೋ ತಿಂಗಳಿಂದ ಊಟದಲ್ಲಿ ಉಪ್ಪು ಕಾಣದ ನಾಲಿಗೆ ಅದು. "ಸವಳ" ಎಂದು ಉಗುಳಿದಳು. ಬೋರಿನ ನೀರಿನ ಮೇಲೆ ತಪ್ಪು ಹೊರಿಸಿದಳು. ಅಂದಿನಿಂದ ನಳದ ನೀರನ್ನು ಕೊಡದಲ್ಲಿ ಹಿಡಿದು, ಒಂದು ದಿನ ಇಟ್ಟು, ಮೇಲಿನದನ್ನು ಮಾತ್ರ ಬಳಸತೊಡಗಿದಳು. ಹಳೆಯ ಮಣ್ಣನ್ನು ಚೆಲ್ಲಿ, ಅಣ್ಣನಿಗೆ ಹೇಳಿ ಹೊಸದು ತರಿಸಿದಳು. ಅಣ್ಣ ನಗುತ್ತಾ ಚೀಲ ಇಳಿಸಿದ. "ಹೊಲಾನೇ ಬೀದರಿಗಿ ಬರ್ತದ ಬಿಡು ಅವ್ವಾ" ಎಂದ. ಅವಳೂ ನಕ್ಕಳು. ಆದರೆ ಮೆಟ್ಟಿಲು ಹತ್ತುವಾಗ ನಡುವೆ ಕೂರುತ್ತಿದ್ದಳು. ಆ ತಿಂಗಳ ರಕ್ತದ ವರದಿ ಸುಧಾರಿಸಿರಲಿಲ್ಲ. ಕದ್ದು ತಿನ್ನಲು ಒಂದು ಎಲೆಯೂ ಇರದಿದ್ದರೂ ಕಿಡ್ನಿ ತನ್ನ ಪಾಡಿಗೆ ತಾನು ಇಳಿಯುತ್ತಲೇ ಇತ್ತು. ಆಗಲೇ ನನಗೆ ಅರ್ಥವಾಗಬೇಕಿತ್ತು. ಹಿಡಿದದ್ದನ್ನು ಬಿಡದ ಸ್ವಭಾವ ನಂದು. ಅವಳಿಂದಲೇ ಬಂದದ್ದಿರಬೇಕು.

ಮೂರನೆಯ ಬಿತ್ತನೆ ಏಪ್ರಿಲ್ಲಿನಲ್ಲಿ. ಚುಕ್ಕಾಕ್ಕೆ ಅದು ಕಾಲವಲ್ಲ. ಬಿಸಿಲಿಗೆ ಬೇಗ ಹೂವಿನ ದಂಟು ಎದ್ದು ಎಲೆ ಕಹಿಯಾಗುತ್ತದೆ. ಸುಮ್ಮನಿದ್ದಿದ್ದರೆ ಬಿಸಿಲೇ ಅದನ್ನು ನೋಡಿಕೊಳ್ಳುತ್ತಿತ್ತೇನೋ. ಅವ್ವ ಬಿಡಲಿಲ್ಲ. ಹಳೆಯ ನೂಲಿನ ಸೀರೆಯನ್ನು ಟಾಕಿಯಿಂದ ಗೋಡೆಗೆ ಕಟ್ಟಿ ನೆರಳು ಮಾಡಿದಳು. ಡಬ್ಬಿಗೆ ಒದ್ದೆ ಗೋಣಿತಾಟು ಸುತ್ತಿದಳು. ಹೂದಂಟು ಕಂಡಕಂಡಂತೆ ಉಗುರಿನಿಂದ ಚಿವುಟಿದಳು. ಬೀದರಿನ ಆ ಬಿಸಿಲಲ್ಲಿ, ಸುತ್ತಲ ಮಾಳಿಗೆಗಳ ಮೇಲೆ ತುಳಸಿ ಕೂಡ ಒಣಗಿದ್ದಾಗ, ನಮ್ಮ ಮೂರು ಡಬ್ಬಿ ಹಸಿರಾಗಿದ್ದವು. ನಾನು ವಿಜ್ಞಾನದ ಟೀಚರು, ನಾನೂ ಒಂದು ಗಳಿಗೆ ಅವಳ ಕೈಯನ್ನು ನೋಡುತ್ತಾ ನಿಂತೆ.

ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ, ಅವಳ ಪಾಲಿನ ಬೀನ್ಸ್ ಕುದಿಸಿ ಬಸಿದ ನೀರನ್ನು ಹೊಗೆಯಾಡುತ್ತಿರುವಾಗಲೇ ಪಾತ್ರೆಯ ಸಮೇತ ಮೇಲೆ ಒಯ್ದೆ. ಒಂದು ಡಬ್ಬಿಗೆ ಸಾಕಾಯಿತು. ಇನ್ನೆರಡಕ್ಕೆ ಕೆಳಗೆ ಬಂದು ಬೇರೆ ನೀರು ಕಾಯಿಸಿಕೊಂಡು ಹೋದೆ. ಎರಡು ಸಲ ಮೆಟ್ಟಿಲು ಹತ್ತಿದ್ದನ್ನು ಹೇಳಲೇಬೇಕು. ಸಿಟ್ಟಿನ ಭರದಲ್ಲಿ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಸಂಜೆ ಹೊತ್ತಿಗೆ ಎಲ್ಲವೂ ನೆಲಕ್ಕೆ ಒರಗಿದ್ದವು. ಅವ್ವ ಡಬ್ಬಿಗಳ ಎದುರು ಕಾಲು ಚಾಚಿ ಕುಳಿತು ಒಂದೊಂದು ಗಿಡವನ್ನೂ ಬಿಡಿಸಿ ನೋಡಿದಳು. ತೂತು ತೆರೆದಿತ್ತು. ಮಣ್ಣನ್ನು ನಾಲಿಗೆಗೆ ಇಟ್ಟಳು, ಉಪ್ಪಿಲ್ಲ. ಬೇರಿಗೆ ಹುಳ ಹತ್ತಿದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿದಳು, ಇಲ್ಲ. ಆಮೇಲೆ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

"ಮಣ್ಣ ಅಲ್ಲ. ನೀರ ಅಲ್ಲ. ಹುಳಾನೂ ಅಲ್ಲ" ಎಂದಳು. "ಇನ್ನ ಉಳದದ್ದ ಕೈ ಒಂದೇ ಯವ್ವಾ. ಕೈ ಕೆಟ್ಟದ."

ಬಾಯಿಗೆ ಬಂದಿತ್ತು. ಹೇಳಲಿಲ್ಲ. ಹೇಳಿದರೆ ಮತ್ತೆ ಬಿತ್ತುತ್ತಾಳೆ, ಮತ್ತೆ ತಿನ್ನುತ್ತಾಳೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಖರೆ ಎಂದರೆ ನನಗೆ ಹೆದರಿಕೆಯಾಗಿತ್ತು. ಅವಳು ಡಬ್ಬಿಗಳನ್ನು ಗೋಡೆಗೆ ಒರಗಿಸಿಟ್ಟು ಕೆಳಗೆ ಬಂದು ಮಲಗಿದಳು. ನಾನು ಬಯಸಿದ್ದೆಲ್ಲ ಆಯಿತು.

ಹತ್ತು ಹದಿನೈದು ದಿನಕ್ಕೆ ಮಿರಗ ಬಂತು. ಅಣ್ಣನ ಜೊತೆ ಬದುವಿನಾಚೆಯ ಹೊಲದವನೂ ಗಾಡಿ ಮಾಡಿಕೊಂಡು ಮನೆಗೆ ಬಂದ. ಈಗ ಅವನ ತಲೆಯೂ ಬೆಳ್ಳಗಾಗಿದೆ. ಕುರ್ಚಿಯ ಮೇಲೆ ಕೂರದೆ ಅವ್ವನ ಮಂಚದ ಹತ್ತಿರ ನೆಲದ ಮೇಲೆ ಕುಳಿತ.

"ಕಾಕು, ಹೊಲದಾಗ ಹಸಿ ಛಲೋ ಆಗ್ಯಾದ. ಗಾಡಿ ತಂದೀವ್ರಿ. ಹೊಲದ ತನಾ ಗಾಡಿ ಹೋಗ್ತದ, ನೀವು ಇಳೀಲಿಕ್ಕೂ ಬ್ಯಾಡ. ಖಾಲಿ ಒಂದ ಹಿಡಿ ಹಾಕಿದ್ರ ಆಯ್ತು."

ಅವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅದನ್ನು ನಾನು ನೋಡಿದೆ. ಬೇರೆ ಯಾರೂ ಗಮನಿಸಲಿಲ್ಲ.

"ಬ್ಯಾಡಪ್ಪಾ. ನಂದ ಕೈ ಸುಮಾರ ಆಗ್ಯಾದ. ಮೂರ ಸರ್ತಿ ಬಿತ್ತಿದೆ, ಮೂರೂ ಸರ್ತಿ ಸತ್ವು. ನಿನ್ನ ಹೊಲಾ ಯಾಕ ಕೆಡಸ್ಲಿ?"

"ಡಬ್ಬಿ ಮಾತ್ ಬಿಡ್ರಿ ಕಾಕು. ಡಬ್ಬಿ ಬ್ಯಾರೆ, ಹೊಲಾ ಬ್ಯಾರೆ."

"ಬೀಜಕ್ಕ ಎಲ್ಲಾ ಒಂದೇ" ಎಂದಳು ಅವ್ವ. "ನಿನ್ನ ಸೊಸಿ ಕೈಲಿಂದ ಹಾಕ್ಸು. ಮುತ್ತೈದಿ. ನಾ ಹಿಂದೇ ಬಿಡಬೇಕಾಗಿತ್ತು."

ಅಪ್ಪ ಸತ್ತಾಗ ಊರು ಅವಳಿಂದ ಕಿತ್ತುಕೊಳ್ಳದೆ ಬಿಟ್ಟದ್ದನ್ನು ನಾನು ಮೂರು ಡಬ್ಬಿಗಳಿಂದ ಕಿತ್ತುಕೊಂಡಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಮೂರೇ ಮಾತು ಸಾಕಿತ್ತು. ಅಣ್ಣನ ಎದುರು, ಊರಿನವನ ಎದುರು, ಟೀಚರು ಅವ್ವನ ಗಿಡಕ್ಕೆ ಕುದಿನೀರು ಹಾಕಿದಳು ಎಂದು ಹೇಗೆ ಹೇಳಲಿ? ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಚಹಾ ಕೊಟ್ಟೆ. ಬಂದವರು ಕುಡಿದು, ಖಾಲಿ ಗಾಡಿಯಲ್ಲಿ ಹೋದರು.

ಶ್ರಾವಣದಲ್ಲಿ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಎರಡು ದಿನ. ಎಡಗೈಯಲ್ಲಿ ನರ ಕೂಡಿಸಿ ಮಶೀನಿಗೆ ರಕ್ತ ಹೋಗಲು ದಾರಿ ಮಾಡಿದರು. ಅಲ್ಲಿ ಚರ್ಮ ಉಬ್ಬಿ, ಮುಟ್ಟಿದರೆ ಒಳಗೆ ಗಿರಗಿರ ಎನ್ನುತ್ತಿತ್ತು. ಅವ್ವ ಆ ಕೈಯನ್ನು ಬೇರೆಯವರದೆಂಬಂತೆ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಿದ್ದಳು. ಒಂದು ದಿನ ಮಶೀನಿನ ಪಕ್ಕ ಕುಳಿತಿದ್ದಾಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ.

"ಅವ್ವಾ, ಗಿಡಾ ನಾ ಕೊಂದೀನಿ. ನಿನ್ನ ಕೈ ಕೆಟ್ಟಿಲ್ಲ."

ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಮರುಕವಿತ್ತು.

"ಹೇಳಬ್ಯಾಡ ಹಂಗ. ನನ್ನ ಮನಸ್ಸಿಗಿ ಸಮಾಧಾನ ಆಗ್ಲಂತ ಹೇಳ್ಲತ್ತಿ."

"ಖರೆ ಅವ್ವಾ. ಮಣ್ಣಿನ ಉಂಡಿ ಮಾಡಿ ತೂತಿಗಿ ತುರಕೀನಿ. ಆಮ್ಯಾಲ ಉಪ್ಪ ಹಾಕೀನಿ, ಅದಕ್ಕೇ ಮಣ್ಣ ಸವಳ ಹತ್ತಿತ್ತು. ಕಡೀಗಿ ಕುದಿ ನೀರ." ಪಾಠ ಮಾಡುವವಳ ಹಾಗೆ ಒಂದೊಂದಕ್ಕೂ ಸಾಕ್ಷಿ ಕೊಟ್ಟೆ. ಬೇಕಾದರೆ ಮನೆಯವರನ್ನು ಕೇಳು ಎಂದೆ.

ಅವ್ವ ನಕ್ಕಳು. ತಿಂಗಳುಗಳ ಮೇಲೆ ನಕ್ಕಳು. "ಸುಳ್ಳ ಹೇಳ್ಲಿಕ್ಕ ಬರಾಂಗಿಲ್ಲ ನಿನಗ. ಸಣ್ಣಾಕಿ ಇದ್ದಾಗಿಂದೂ ಬರಾಂಗಿಲ್ಲ" ಎಂದು ನನ್ನ ಮೊಣಕೈ ತಟ್ಟಿದಳು. "ನೀ ಹಂಗ ಮಾಡಾಕಿ ಅಲ್ಲ, ನನಗ ಗೊತ್ತದ."

ನಾನು ಅತ್ತೆ. ಅದನ್ನೂ ಅವಳು ತನ್ನ ರೋಗಕ್ಕೆಂದೇ ತಿಳಿದಳು.

ದೀಪಾವಳಿ ಕಳೆದ ಮೇಲೆ ಒಂದು ದಿನ ಚಿಂದಿಯ ಗಂಟು ಬಿಚ್ಚಿ, ಉಳಿದ ಬೀಜವನ್ನು ನನ್ನ ಅಂಗೈಗೆ ಸುರಿದಳು. "ನೀ ಹಾಕು" ಎಂದಳು. ಒಲ್ಲೆ ಎಂದೆ. ಬಿಡಲಿಲ್ಲ. ಬಿತ್ತಿದೆ. ತೂತು ತೆರೆದಿದ್ದವು, ಹೆಂಚಿನ ಚೂರು ಅವಳು ಇಟ್ಟ ಜಾಗದಲ್ಲೇ ಇತ್ತು, ಮಣ್ಣು ಅವಳು ಹದ ಮಾಡಿದ್ದು, ಕಾಲ ಸರಿಯಾಗಿತ್ತು. ಬಾರದೆ ಏನು ಮಾಡುತ್ತದೆ? ಡಬ್ಬಿಯ ಬಾಯಿ ಕಾಣದ ಹಾಗೆ ಬಂತು. ಅವಳಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಒಂದು ಡಬ್ಬಿಯನ್ನು ಮನೆಯವರು ಎತ್ತಿಕೊಂಡು ಬಂದು ಮಂಚದ ಪಕ್ಕ ಇಟ್ಟರು. ಅವ್ವ ಎಲೆಯೊಂದನ್ನು ಬೆರಳಿನಿಂದ ಸವರಿದಳು.

"ನೋಡು. ನನ್ನ ಕೈಗುಣ ನಿನಗ ಬಂದದ."

ನಾನು ಎಳೆಯ ಎಲೆ ಒಂದನ್ನು ಕಿತ್ತು ಅವಳ ಬಾಯಿಯ ಹತ್ತಿರ ಹಿಡಿದೆ. ಇನ್ನು ಒಂದು ಎಲೆಯಿಂದ ಆಗುವುದೂ ಹೋಗುವುದೂ ಏನೂ ಇರಲಿಲ್ಲ. ಅವ್ವ ತಲೆ ಆಚೆ ತಿರುಗಿಸಿದಳು. "ಬ್ಯಾಡ ಯವ್ವಾ. ಡಾಕ್ಟರ್ ಬ್ಯಾಡ ಅಂದಾರ" ಎಂದಳು.

ಹೋಳಿ ಹುಣ್ಣಿಮೆ ಕಳೆದು ಒಂದು ವಾರಕ್ಕೆ ಅವ್ವ ಹೋದಳು. ಡಾಬಕಾದ ಹೊಲದಲ್ಲಿ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಈ ವರ್ಷ ಮಿರಗಕ್ಕೆ ಬದುವಿನಾಚೆಯವನ ಫೋನ್ ಬಂತು. ಸಾಲೆಯಲ್ಲಿದ್ದೆ. "ಅಕ್ಕಾ, ಕಾಕು ಹೋಗೂಕಿಂತ ಮದಲ ನನಗ ಫೋನ್ ಮಾಡಿಸಿ ಹೇಳ್ಯಾರ್ರಿ. 'ಇನ್ ಮ್ಯಾಲ ಮೊದಲ ಹಿಡಿ ನನ್ನ ಮಗಳದು, ಆಕಿ ಕೈ ಛಲೋ ಅದ' ಅಂದಾರ್ರಿ. ಬರ್ತೀರಿಲ್ರಿ?"

ಒಲ್ಲೆ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹೋದೆ. ಹಸಿ ಹೊಲದಲ್ಲಿ ಚಪ್ಪಲಿ ಬಿಟ್ಟು ನಿಂತೆ. ಹೆಂಗಸರು ಟ್ರ್ಯಾಕ್ಟರಿನ ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿದರು. ಯಾರೋ ಬೀಜದ ಪುಟ್ಟಿಯನ್ನು ಮುಂದೆ ಹಿಡಿದರು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಹಿಡಿ ತುಂಬ ತೆಗೆದುಕೊಂಡು, ಅವ್ವ ಹಾಕುತ್ತಿದ್ದ ಹಾಗೆ, ಕಣ್ಣು ಮುಚ್ಚಿ ಹಾಕಿದೆ.

ಹತ್ತು ದಿನದ ಮೇಲೆ ಅಣ್ಣ ಫೋನ್ ಮಾಡಿದ. ಆ ಹೊಲದಲ್ಲಿ ಒಂದು ಬೀಜವೂ ಹುಸಿ ಹೋಗದೆ ಎದ್ದಿವೆಯಂತೆ. ಮುಂದಿನ ವರ್ಷ ಇನ್ನೂ ನಾಲ್ಕು ಮನೆಯವರು ನನ್ನನ್ನು ಕರೆಯಬೇಕೆಂದಿದ್ದಾರಂತೆ.